ತೂತಿನ ಕಾರ್ಡಿನ ಮ್ಯಾಲೆ

ಸಾಲಿ ಮಾಸ್ತರು ಬರಕೊಂಡದ್ದು ಜೂನ್ ಒಂದು.
ಆ ಊರಿನ ಅರ್ಧ ಮಕ್ಕಳು
ಹಂಗ ಒಂದೇ ದಿನ ಹುಟ್ಟಿದವು.
ಇಕಿ ಅವ್ವ ಮಾತ್ರ ಸಾಯೂತನಾ ಹೇಳತಿದ್ದಳು:
ಸೀಗಿ ಹುಣ್ಣಿವಿ ಕಳದು ಐದನೇ ದಿನ, ನಸಿಕಿನಾಗ,
ಹಿತ್ತಲದಾಗ ಅವರಿ ಹೂ ಬಿಟ್ಟಿತ್ತು,
ಸೂಲಗಿತ್ತಿ ಕೈಗೆ ಇನ್ನೂ ಎಣ್ಣಿಹೋಳಿಗಿ ವಾಸನಿ ಇತ್ತು.

ರೇಷನ್ನಿಗೆ, ಬ್ಯಾಂಕಿಗೆ, ಸಂಘದ ಸಾಲಕ್ಕ
ಇಷ್ಟು ದಿನ ಮಾಸ್ತರ ತಾರೀಖಿಗೇ ಸಹಿ ಹಾಕ್ಯಾಳ ಚಂದ್ರಭಾಗಾ.
ಐವತ್ತನೇದ್ದು ಅವ್ವನ ಲೆಕ್ಕಕ್ಕ ಇರಲಿ ಅಂದಳು,
ಬನ್ನಿ ಕೊಟ್ಟು ಬಂದ ಸಂಜಿ, ಚಪ್ಪಲಿ ಸುದ್ದಾ ಬಿಡದ.

ಎಲ್ಲಿಗೆ ಅಂತ ಕೇಳೂದ ಬ್ಯಾಡ.
ರಬಕವಿಯ ಕೃಷ್ಣಾ ದಂಡಿ ಬಿಟ್ಟು
ಮುಧೋಳದಾಗ ಘಟಪ್ರಭಾ ದಾಟಿ
ಮಲಪ್ರಭಾ ನೋಡಾಕ ಹೋಗೂದು.
ಮೂರು ಸಲ ಹೋಗೇವಿ, ಮೂರೂ ಮಂದಿ ಕೆಲಸಕ್ಕ:
ಒಂದು ಕುಬಸ, ಒಂದು ಮಣ್ಣು, ಒಂದು ಕೋರ್ಟಿನ ಸಾಕ್ಷಿ.
ಗುಡಿ ನೋಡಿದ್ದು ಅವಸರದಾಗ.
ಕೆಂಪು ಗುಡ್ಡ ಮಾತ್ರ ಸಾವಕಾಶ ನೋಡೇವಿ,
ಯಾಕಂದ್ರ ಅದು ಬಸ್ಸಿನ ಸಂಗಾಟ ಬಾಳೊತ್ತು ಬರತೈತಿ.

ಬರಿಯಾಕ ಹಾಳಿ ಸಿಗಲಿಲ್ಲ.
ಹಳೇ ಜಕಾರ್ಡಿನ ಕಾರ್ಡೊಂದು ತಗೊಂಡೆ,
ನಾನೇ ಹೊಡದದ್ದು, ಕಮಲದ ದಡಿ, ಈಗ ಯಾರೂ ಕೇಳೂದಿಲ್ಲ.
ತೂತು ಬಂದಲ್ಲಿ ಪೆನ್ಸಿಲ್ಲು ಜಿಗೀತೈತಿ.
ಬಾ, ಒಂದು ತೂತು, ದಾಮಿ.
"ಬಾ ಅಂತ ಬರದೀರಲ್ಲ" ಅಂತ ನಕ್ಕಳು,
"ಇಪ್ಪತ್ತೆಂಟು ವರ್ಷದಾಗ ಒಮ್ಮೆನೂ ಕರದಿಲ್ಲ ಹಂಗ."

ಇಕಿ ಕರಾರು ಎರಡು.
ಗುಳೇದಗುಡ್ಡದ ಮಗ್ಗಲಿಂದ ಹೋದರೂ
ಅಣ್ಣಗ ಸುದ್ದಿ ಹತ್ತಬಾರದು.
ತವರಿಗೆ ಹೋದರ ಮೊದಲ ಕೈಗೆ ಸಿಗೂದು ಲಟ್ಟಣಗಿ.
ಆಮ್ಯಾಲೆ, ಹುಟ್ಟಿದ ದಿನ ರೊಟ್ಟಿ ಬಡಿಯಾಂಗಿಲ್ಲ.
ಬನಶಂಕರಿ ಹೊಂಡದ ಕಟ್ಟಿ ಹತ್ರ
ಬುಟ್ಟಿ ಇಟಗೊಂಡು ಕುಂಡ್ರತಾರಲ್ಲ ಹೆಂಗಸರು,
ಅವರ ರೊಟ್ಟಿ, ಅವರ ಹಿಂಡಿ, ಅವರ ಗಡಗಿ ಮೊಸರು.
"ಬಡದಾಕಿ ಬ್ಯಾರೆ ಯಾರೋ, ತಿನ್ನಾಕಿ ನಾ."
ಬರದೆ. ಮೊಸರಿನ ನಡುವ ಒಂದು ತೂತು.

ನನ್ನದೂ ಕೇಳಿದಳು.
ಅಕ್ಕತಂಗೇರ ದಬದಬಿಯಾಗ ನೀರು ಉಳದಿರಬೇಕು ಅಂದೆ.
ಅದು ನಮ್ಮ ಕೈಯಾಗಿಲ್ಲ ಅಂದಳು,
ಆದರೂ ಬರೀರಿ.

ರಾತ್ರಿ ಸಾವಕಾರನ ಫೋನು.
ದೀಪಾವಳಿಗೆ ಇನ್ನೂರು ಸೀರಿ, ಹೊಸ ದಡಿ.
ಇಕಿ ಏನೂ ಅನ್ನಲಿಲ್ಲ.
ಚಾದ ಬಟ್ಟಲ ತೊಳದು ಬೋರಲು ಹಾಕಿದಳು.

ಐದು ರಾತ್ರಿ ಕಾರ್ಡು ಹೊಡದೆ.
ಪೋಣಿಸಾಕ ಬಂದ ಹುಡುಗ, ಮೌನೇಶ,
ಮೇಜಿನ ಮ್ಯಾಲಿದ್ದದ್ದೆಲ್ಲಾ ಪೋಣಿಸಿದ.
ಬಾದಾಮಿನೂ.

ಎರಡು ಸೀರಿ ಇಳದ ಮ್ಯಾಲೆ ಕಣ್ಣಿಗೆ ಬಿತ್ತು:
ಗೇಣಿಗೊಮ್ಮೆ ದಡ್ಯಾಗ ಒಂದು ಎಳಿ
ತಾನ ಒಂದು ಕಡೆ ಹೊಂಟೈತಿ.
ಮಗ್ಗ ನಿಂದರಿಸಿ ಬೈಯಾಕ ಬಾಯಿ ತಗದರ
ಹುಡುಗ ಕಾರ್ಡು ಬಿಚ್ಚಿ ಹಿಡದು ಓದಾಕತ್ತಿದ್ದ:
"ಐದೂವರಿ ಬಸ್ಸು. ಲೋಕಾಪುರದಾಗ ಬದಲಿ.
ಅಣ್ಣಗ ಹೇಳಬಾರದು.
ಯಾರ ಅಣ್ಣಗ, ಕಾಕಾ?"

ಸಾವಕಾರ ಎರಡೂ ವಾಪಸ್ ಒಗದ. ಅರ್ಧ ರೇಟಿಗೆ ನಾನೇ ಹಿಡದೆ.
ಇಂಗಳೀಕ ಬಣ್ಣದ್ದು ತಾನು ಉಡತೀನಿ ಅಂದಳು,
ಇನ್ನೊಂದು ಚೀಲದ ತಳಕ್ಕ ಹಾಕಿದಳು,
ವೈನಿಗೆ,
ಸಿಕ್ಕಬಿದ್ದರ.

ಪಂಚಮಿ ನಾಡದು.
ಬ್ಯಾರೆಯವರು ಕಾಯ್ತಾರ ಮಗ್ಗ, ಎರಡು ದಿನ ನಡೀತೈತಿ ಅಂದಾರ,
ನಡದೀತೋ ಇಲ್ಲೋ.
ಕಾರ್ಡು ಕನ್ನಡಿ ಹಿಂದ ಸಿಗಿಸೇತಿ,
ತಳದಾಗ ಇಕಿ ಅಕ್ಷರ: ಬ್ರಷ್ ಎರಡು, ಅಮೃತಾಂಜನ,
ನಿಮ್ಮ ಕಾಲಿನ ಎಣ್ಣಿ.

ಮಗ್ಗದ ಸಪ್ಪಳ ನಿಂತ ಮ್ಯಾಲೂ
ಕಿವಿಯಾಗ ಇನ್ನಷ್ಟು ಹೊತ್ತು ನೇಯತೈತಿ.
ಮಲಗ್ಯಾಳ ಅನಕೊಂಡಿದ್ದೆ.
ಕತ್ತಲದಾಗ ಮಗ್ಗಲಾಗಿ ಅಂದಳು,
"ನೀರು ಇದ್ದೀತ ಬಿಡ್ರಿ."